ಸರ್ಟಿಫಿಕೇಟ್ ಕೊಟ್ಟ ಮೇಲೆ ಎರಡು ವರ್ಷ ನಮ್ಮ ಹುಡುಗರ ಜೊತೆ ಇರಿ

ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಕಾರ್ಖಾನೆ, ಗಣಿ, ವಿದ್ಯುತ್ ಘಟಕ ನಡೆಸುತ್ತಿರುವ ಕಂಪನಿಗಳ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಸಮಿತಿಯವರಿಗೆ ಮತ್ತು ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಕೊಪ್ಪಳದ ಹತ್ತಿರ ಒಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ನಡೆಸುತ್ತೇನೆ. ಗೇಟು, ಗ್ರಿಲ್ಲು, ತಗಡಿನ ಶೆಡ್ಡು, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ನಮ್ಮ ಕೆಲಸ. ಐಟಿಐನಲ್ಲಿ ಫಿಟ್ಟರ್ ಕಲಿತವನು. ಕೆಲಸ ಕೇಳಿಕೊಂಡು ಬರುವ ಹುಡುಗರು ನನ್ನ ಶೆಡ್ಡಿನ ಬಾಗಿಲಿಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಸುಮಾರು ಜನ ಯಾವುದೋ ಕಂಪನಿಯ ದುಡ್ಡಿನಲ್ಲಿ ತರಬೇತಿ ಮುಗಿಸಿ ಬಂದವರು. ನೀವು ಕೊಟ್ಟ ದುಡ್ಡು ಅವರ ಕೈಗೆ ಏನಾಗಿ ಬಂತು ಅಂತ ನನಗೆ ಕಾಣುತ್ತದೆ. ನಿಮ್ಮ ಆಫೀಸಿಗೆ ಬರುವ ವರದಿಯಲ್ಲಿ ಅದು ಕಾಣುವುದಿಲ್ಲ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ತರಬೇತಿ ಮುಗಿದ ದಿನ ನಿಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ಕೆಲಸ ಅವತ್ತು ಶುರುವಾಗುತ್ತದೆ. ಸರ್ಟಿಫಿಕೇಟ್ ಕೊಟ್ಟ ಮೇಲೆ ಎರಡು ವರ್ಷ ಆ ಹುಡುಗ, ಆ ಹುಡುಗಿಯ ಜೊತೆ ಇರಿ. ಮೊದಲ ಮಷೀನು, ಮೊದಲ ಸಾಲ, ಮೊದಲ ಆರ್ಡರು, ಮೊದಲ ಪೇಮೆಂಟು, ಇಷ್ಟು ದಾಟುವ ತನಕ.

ಈ ಪತ್ರ ಓದುವ ನಮ್ಮ ಊರಿನ ಜನರಿಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಎಸ್‌ಆರ್ ಅಂದರೆ ಕಂಪನಿಯವರು ಮನಸ್ಸು ಬಂದಾಗ ಮಾಡುವ ದಾನ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದು ಇದ್ದರೂ ಸಾಕು, ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಯಾವ ಯಾವ ಕೆಲಸಕ್ಕೆ ಅಂತ ಕಾಯ್ದೆಯ 7ನೇ ಪರಿಶಿಷ್ಟದಲ್ಲಿ ಬರೆದಿದೆ. ಉದ್ಯೋಗಕ್ಕೆ ಬೇಕಾದ ಕೌಶಲ ಕಲಿಸುವುದು, ಜೀವನೋಪಾಯ ಹೆಚ್ಚಿಸುವುದು ಎರಡೂ ಅದರಲ್ಲಿವೆ. ಇನ್ನೊಂದು ಮಾತೂ ಕಾಯ್ದೆಯಲ್ಲೇ ಇದೆ. ಕಂಪನಿ ಎಲ್ಲಿ ಕೆಲಸ ಮಾಡುತ್ತದೋ ಆ ಸುತ್ತಮುತ್ತಲಿನ ಊರುಗಳಿಗೆ ಮೊದಲ ಆದ್ಯತೆ ಕೊಡಬೇಕು. ಅಂದಮೇಲೆ ತೋರಣಗಲ್ಲು, ಸಂಡೂರು, ಗಿಣಿಗೇರಿ, ಬೇವಿನಹಳ್ಳಿ, ಶಕ್ತಿನಗರ, ಹಟ್ಟಿ ಸುತ್ತಿನ ಹಳ್ಳಿಗಳ ಮಕ್ಕಳು ಇದನ್ನು ಕೈಯೊಡ್ಡಿ ಬೇಡಬೇಕಾಗಿಲ್ಲ. ನೇರವಾಗಿ ಕೇಳಬಹುದು.

ಈಗ ನನ್ನ ಶೆಡ್ಡಿಗೆ ಬಂದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಯಲಬುರ್ಗಾ ಕಡೆಯವನು. ಮೂರು ತಿಂಗಳ ವೆಲ್ಡರ್ ತರಬೇತಿಯ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಮೇಲೆ ಬಣ್ಣದ ಲೋಗೋ, ಕೆಳಗೆ ಎರಡು ಸಹಿ. ನಾನು ಎರಡು ತುಂಡು ಪ್ಲೇಟು ಇಟ್ಟು, "ಒಂದು ಜಾಯಿಂಟ್ ಹಾಕಪಾ ತಮ್ಮಾ" ಅಂದೆ. ಹೋಲ್ಡರಿಗೆ ರಾಡು ಸಿಕ್ಕಿಸಿದ. ಅರ್ಥಿಂಗ್ ಕ್ಲಿಪ್ಪು ಎಲ್ಲಿ ಹಾಕಬೇಕು ಅಂತ ಅತ್ತಿತ್ತ ನೋಡಿದ. ಕರೆಂಟು ಎಷ್ಟಕ್ಕೆ ಇಡಬೇಕು ಅಂತ ಗೊತ್ತಾಗಲಿಲ್ಲ, ಕಮ್ಮಿ ಇಟ್ಟ. ರಾಡು ಮುಟ್ಟಿಸಿದ ಕೂಡಲೇ ಪ್ಲೇಟಿಗೆ ಅಂಟಿಕೊಂಡಿತು. ಎಳೆದ, ಬರಲಿಲ್ಲ. ಅವನ ಕಿವಿ ಕೆಂಪಗಾದವು. ಕೂರಿಸಿ ನೀರು ಕೊಟ್ಟು ವಿಚಾರಿಸಿದೆ. "ಮೂವತ್ತು ಮಂದಿಗೆ ಒಂದ ಮಷೀನ ಇತ್ರಿ. ಜಾಸ್ತಿ ವಿಡಿಯೊ ತೋರಿಸ್ತಿದ್ರು. ನಮ್ಮ ಪಾಳಿ ಬರೋದ್ರಾಗ ರಾಡ ಮುಗೀತಿದ್ದವು" ಅಂದ.

ಹುಡುಗನದು ಏನೂ ತಪ್ಪಿಲ್ಲ. ವೆಲ್ಡಿಂಗ್ ಕೈಗೆ ಬರುವ ವಿದ್ಯೆ. ಆರ್ಕಿನ ಸಪ್ಪಳ ಕೇಳಿ ಕರೆಂಟು ಸರಿ ಇದೆಯೋ ಇಲ್ಲವೋ ಹೇಳುವಷ್ಟು ಆಗಬೇಕಾದರೆ ಕಟ್ಟುಗಟ್ಟಲೆ ರಾಡು ಸುಡಬೇಕು. ಜಾಯಿಂಟಿನ ಮೇಲೆ ಕೂತ ಸ್ಲ್ಯಾಗ್ ಪದರ ಒಡೆದು ನೋಡಬೇಕು, ತೂತು ಬಿದ್ದಿದ್ದರೆ ಗ್ರೈಂಡ್ ಮಾಡಿ ಮತ್ತೆ ಹಾಕಬೇಕು. ತರಬೇತಿಯಲ್ಲಿ ಮೊದಲು ಉಳಿತಾಯ ಮಾಡುವುದು ಇದರಲ್ಲೇ, ರಾಡು ಮತ್ತು ಕಬ್ಬಿಣದಲ್ಲಿ. ಹಾಲ್ ಬಾಡಿಗೆ, ಬ್ಯಾನರು, ಟೀಶರ್ಟು, ಸಮಾರೋಪದ ಶಾಮಿಯಾನಕ್ಕೆ ಮಾತ್ರ ಕಡಿಮೆ ಬಿದ್ದದ್ದು ನಾನು ನೋಡಿಲ್ಲ. ಆ ಹುಡುಗ ಈಗ ನನ್ನ ಹತ್ತಿರವೇ ಇದ್ದಾನೆ. ಚೆನ್ನಾಗಿ ಕಲಿತಿದ್ದಾನೆ. ಮೂರು ತಿಂಗಳಲ್ಲಿ ಕಲಿಯಬೇಕಾಗಿದ್ದನ್ನು ಮೊದಲಿಂದ ಕಲಿಯಬೇಕಾಯಿತು, ಅಷ್ಟೇ. ಅವನಂಥ ಎಲ್ಲರಿಗೂ ಕೆಲಸ ಕೊಡುವಷ್ಟು ದೊಡ್ಡದಲ್ಲ ನನ್ನ ಶೆಡ್ಡು.

ತರಬೇತಿ ಕೊಡುವ ಸಂಸ್ಥೆಗೆ ನೀವು ತಲೆಗಿಷ್ಟು ಅಂತ ದುಡ್ಡು ಕೊಡುತ್ತೀರಿ. ಅವರು ತಲೆ ಎಣಿಸುತ್ತಾರೆ. ಇದು ಸಹಜ. ಎಣಿಕೆ ಬದಲಾಯಿಸಿ, ಕೆಲಸವೂ ಬದಲಾಗುತ್ತದೆ. ತರಬೇತಿ ಮುಗಿದಾಗ ಅರ್ಧ ದುಡ್ಡು ಕೊಡಿ. ಉಳಿದದ್ದನ್ನು ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಆ ಹುಡುಗ ಅದೇ ಕಸುಬಿನಲ್ಲಿ ದುಡಿಯುತ್ತಿದ್ದಾನೋ ಇಲ್ಲವೋ ನೋಡಿ ಕೊಡಿ. ಒಂದೇ ವರ್ಷದಲ್ಲಿ ಖರ್ಚು ತೋರಿಸಬೇಕು ಅನ್ನುವ ಅವಸರವೂ ಬೇಡ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ನಡೆಯುವ ಯೋಜನೆ ಹಾಕಿಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅದಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆದು ದುಡ್ಡು ಇಟ್ಟುಕೊಳ್ಳಬಹುದು. ನಿಮ್ಮ ಅಕೌಂಟ್ಸ್ ವಿಭಾಗದವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಈ ಎರಡು ವರ್ಷದ ಲೆಕ್ಕ ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲೇ ಅದಕ್ಕೆ ದಾರಿ ಹಾಕಿಕೊಟ್ಟವರಿದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಊಟ, ವಸತಿ ಕೊಟ್ಟು ಉಚಿತ ತರಬೇತಿ. ಅವಧಿ ಚಿಕ್ಕದು, ಆದರೆ ಮುಗಿದ ಮೇಲೆ ಬಿಟ್ಟುಬಿಡುವುದಿಲ್ಲ. ಅಂಗಡಿ ಹಾಕಿದರಾ, ಸಾಲ ಸಿಕ್ಕಿತಾ, ವ್ಯಾಪಾರ ಹೇಗಿದೆ ಅಂತ ಬೆನ್ನಿಗೆ ನಿಂತು ವಿಚಾರಿಸುತ್ತಾರೆ. ಈ ಮಾದರಿಯನ್ನೇ ಕೇಂದ್ರ ಸರ್ಕಾರ ಆಮೇಲೆ ಇಡೀ ದೇಶಕ್ಕೆ ತಗೊಂಡಿತು. ಇವತ್ತಿನ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅದೇ. ಜಿಲ್ಲೆಯ ಬ್ಯಾಂಕುಗಳಿಗೆ ಮುಂದಾಳಾದ ಲೀಡ್ ಬ್ಯಾಂಕುಗಳು ನಡೆಸುವ ಈ ಸಂಸ್ಥೆಗಳಲ್ಲಿ ತರಬೇತಿ ಆದ ಮೇಲೆ ಎರಡು ವರ್ಷ ಜೊತೆಗಿರಬೇಕು ಅನ್ನುವುದು ನಿಯಮದಲ್ಲೇ ಇದೆ. ಕರಾವಳಿಯಲ್ಲಿ ಹುಟ್ಟಿದ ವಿಚಾರ ದೆಹಲಿ ಮುಟ್ಟಿತು. ನಮ್ಮ ಜಿಲ್ಲೆಗಳ ಕಂಪನಿ ಆಫೀಸುಗಳಿಗೂ ಅದು ಬರಲಿ.

ಹುಬ್ಬಳ್ಳಿ ಇನ್ನೂ ಹತ್ತಿರ. ಅಮೆರಿಕದಲ್ಲಿ ಉದ್ಯಮ ಕಟ್ಟಿದ ಗುರುರಾಜ ದೇಶಪಾಂಡೆಯವರು ತಮ್ಮ ಫೌಂಡೇಶನ್ನನ್ನು ಹುಬ್ಬಳ್ಳಿಯಲ್ಲಿ ನೆಲೆಗೊಳಿಸಿ, ಹಳ್ಳಿ ಹುಡುಗರ ಕೌಶಲ ತರಬೇತಿ ಮತ್ತು ಹೊಸ ಉದ್ಯಮಗಳಿಗೆ ಆಸರೆ ಎರಡನ್ನೂ ಒಂದೇ ಊರಿನಲ್ಲಿ ನಡೆಸುತ್ತಿದ್ದಾರೆ. ನಮ್ಮ ಭಾಗದ ಎಷ್ಟೋ ಮಕ್ಕಳು ರೈಲು ಹತ್ತಿ ಅಲ್ಲಿಗೆ ಹೋಗುತ್ತಾರೆ. ಉಕ್ಕು, ಗಣಿ, ಕರೆಂಟು ಎಲ್ಲ ಇರುವ ನಮ್ಮ ಮೂರು ಜಿಲ್ಲೆಗಳಲ್ಲಿ ಅಂಥ ಒಂದು ಜಾಗ ಯಾಕೆ ಇರಬಾರದು?

ಏನು ಕಲಿಸಬೇಕು ಅನ್ನುವುದು ಇನ್ನೊಂದು ದೊಡ್ಡ ವಿಷಯ. ಹುಡುಗಿಯರು ಅಂದರೆ ಟೇಲರಿಂಗ್, ಬ್ಯೂಟಿಷಿಯನ್. ಹುಡುಗರು ಅಂದರೆ ಕಂಪ್ಯೂಟರ್ ಬೇಸಿಕ್, ಮೊಬೈಲ್ ರಿಪೇರಿ. ಎಲ್ಲ ಕಡೆ ಇದೇ ಪಟ್ಟಿ. ಟೇಲರಿಂಗನ್ನೇ ತಗೊಳ್ಳಿ. ಬಳ್ಳಾರಿ ಜೀನ್ಸ್ ಅಂದರೆ ಹೊರರಾಜ್ಯದ ವ್ಯಾಪಾರಿಗಳಿಗೂ ಗೊತ್ತು. ಅಲ್ಲಿ ಒಂದು ಪ್ಯಾಂಟು ಎಷ್ಟೋ ಕೈ ದಾಟಿ ಹೋಗುತ್ತದೆ. ಒಬ್ಬರು ಜೇಬು ಕೂರಿಸಿದರೆ ಇನ್ನೊಬ್ಬರು ಸೈಡ್ ಹೊಲಿಗೆ ಹಾಕುತ್ತಾರೆ, ಮತ್ತೊಬ್ಬರು ಬೆಲ್ಟು, ಆಮೇಲೆ ಕಾಜಾ-ಗುಂಡಿ. ಎಲ್ಲ ಕರೆಂಟ್ ಮಷೀನು, ಪೀಸ್ ಲೆಕ್ಕದ ಕೂಲಿ. ದಪ್ಪ ಬಟ್ಟೆ ನಾಲ್ಕು ಪದರ ಸೇರುವ ಕಡೆ ಸೂಜಿ ಮುರಿಯದ ಹಾಗೆ ಬಟ್ಟೆ ತಳ್ಳುವುದೇ ಅಲ್ಲಿ ಕೈಚಳಕ. ನಾವು ತರಬೇತಿ ಕೊಡುವುದು ಏನು? ಕಾಲಲ್ಲಿ ತುಳಿಯುವ ಮಷೀನಿನ ಮೇಲೆ ಬ್ಲೌಸು, ಲಂಗ. ಆಮೇಲೆ ವೇದಿಕೆ ಮೇಲೆ ಒಂದೊಂದು ಮಷೀನು ಹಂಚಿ ಫೋಟೊ. ಮನೆಗೆ ಹೋದ ಹುಡುಗಿ ತನ್ನ ಓಣಿಯಲ್ಲಿ ಆಗಲೇ ಬ್ಲೌಸು ಹೊಲಿಯುತ್ತಿರುವ ಅಕ್ಕಂದಿರ ಜೊತೆ ಪೈಪೋಟಿಗೆ ಬೀಳುತ್ತಾಳೆ. ಜೀನ್ಸ್ ಯೂನಿಟ್ಟಿನವರು ಕೇಳಿದರೆ ನುರಿತ ಕೈ ಸಿಗುತ್ತಿಲ್ಲ ಅನ್ನುತ್ತಾರೆ. ಇಬ್ಬರೂ ನಿಜವೇ ಹೇಳುತ್ತಿದ್ದಾರೆ. ಅವರಿಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದವರು ಯಾರೂ ಇಲ್ಲ.

ನಮ್ಮ ನೆಲದ ಕೆಲಸ ನೋಡಿ ತರಬೇತಿ ಇಡಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಕಾಳು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಮಷೀನುಗಳಿವೆ. ಸುಗ್ಗಿಯಲ್ಲಿ ಅದು ಕೆಟ್ಟು ನಿಂತರೆ ಮೆಕ್ಯಾನಿಕ್ ದೂರದಿಂದ ಬರಬೇಕು, ಅಲ್ಲಿಯ ತನಕ ಲಾರಿಗಳು ಗೇಟಿನ ಮುಂದೆ. ಭತ್ತ ಕೊಯ್ಯುವ ಮಷೀನುಗಳ ರಿಪೇರಿಗೂ ಅದೇ ಪಾಡು. ಕುಕನೂರು, ಯಲಬುರ್ಗಾ ಕಡೆ ಹೊಲದ ನಡುವೆ ಗಾಳಿ ಫ್ಯಾನುಗಳು ಎದ್ದಿವೆ. ಅವನ್ನು ಹತ್ತಿ ಕೆಲಸ ಮಾಡಲು, ಎತ್ತರದಲ್ಲಿ ಸುರಕ್ಷಿತವಾಗಿ ಇರಲು ಬೇರೆಯೇ ತರಬೇತಿ ಬೇಕು. ಹೊಲ ಕೊಟ್ಟವರ ಮಕ್ಕಳಿಗೆ ಅಲ್ಲಿ ವಾಚ್‌ಮನ್ ಕೆಲಸ ಸಿಕ್ಕರೆ ಸಾಲದು, ಆ ಫ್ಯಾನು ರಿಪೇರಿ ಮಾಡುವ ಕೆಲಸ ಸಿಗಬೇಕು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೂದಲು ಬಿಡಿಸಿ, ಉದ್ದದ ಪ್ರಕಾರ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಅದರಲ್ಲಿ ಬಹಳಷ್ಟು ಕಚ್ಚಾ ಮಾಲಾಗಿಯೇ ಹೊರಗೆ ಹೋಗುತ್ತದೆ. ವಿಗ್ಗು ಕಟ್ಟುವುದನ್ನು ಇಲ್ಲೇ ಕಲಿಸಿದರೆ ಅದೇ ಕೈಗಳಿಗೆ ಹೆಚ್ಚು ಕೂಲಿ, ಅದೇ ಓಣಿಯಲ್ಲಿ ನಾಲ್ಕಾರು ಹೊಸ ಉದ್ಯಮ.

ಕಟ್ಟಡ ಮಾತ್ರ ಮತ್ತೆ ಕಟ್ಟಬೇಡಿ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ, ರೋಬಾಟ್ ತನಕ ಯಂತ್ರಗಳು ಬಂದಿವೆ. ಅಂಥ ಕಡೆ ಸಂಜೆ ಪಾಳಿ ನಡೆಸಿ. ಪಾಠ ಮಾಡುವವರಿಗೆ ಒಳ್ಳೆಯ ಸಂಬಳ ಕೊಡಿ, ಕಚ್ಚಾ ಮಾಲು ಕೊಡಿ. ನಿಮ್ಮ ಪ್ಲಾಂಟಿನಲ್ಲಿ ಇಪ್ಪತ್ತು ವರ್ಷ ದುಡಿದ ಮೇಸ್ತ್ರಿಯನ್ನು ವಾರಕ್ಕೆ ಎರಡು ದಿನ ಕಳಿಸಿ. ಆರಂಕಿ ಸಂಬಳದ ಸಲಹೆಗಾರರಿಗಿಂತ ಅವರಿಂದ ನಮ್ಮ ಹುಡುಗರು ಜಾಸ್ತಿ ಕಲಿಯುತ್ತಾರೆ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಅಪ್ರೆಂಟಿಸ್‌ಗಳನ್ನು, ಅಂದರೆ ದುಡಿಯುತ್ತಲೇ ಕೆಲಸ ಕಲಿಯುವವರನ್ನು, ತಗೊಳ್ಳುವುದು ದಾನ ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಒಟ್ಟು ಕೆಲಸಗಾರರ ಸಂಖ್ಯೆಯ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕು. ಗುತ್ತಿಗೆ ಕೆಲಸಗಾರರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಆ ಜಾಗಗಳನ್ನು ಮೊದಲು ನಮ್ಮ ತಾಲೂಕಿನ ಐಟಿಐ ಹುಡುಗ ಹುಡುಗಿಯರಿಗೆ ಕೊಡಿ. ಆಮೇಲೆ ಸಿಎಸ್‌ಆರ್ ಮಾತಾಡೋಣ.

ಗುಳೆ ಹೋಗಿ ಬಂದ ಹುಡುಗರ ಬಗ್ಗೆ ಯಾರೂ ಯೋಚಿಸುವುದಿಲ್ಲ. ರಾಯಚೂರಿನ ದೇವದುರ್ಗ, ಲಿಂಗಸುಗೂರು, ಮಾನ್ವಿ, ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋದವರು ಅಲ್ಲಿ ಬರೀ ಕಲ್ಲು ಹೊತ್ತು ಬರುವುದಿಲ್ಲ. ಒಬ್ಬ ಟೈಲ್ಸ್ ಕೂರಿಸುವುದು ಕಲಿತಿರುತ್ತಾನೆ. ಇನ್ನೊಬ್ಬ ಸೆಂಟ್ರಿಂಗ್, ಮತ್ತೊಬ್ಬ ಪ್ಲಂಬಿಂಗ್, ಫಾಲ್ಸ್ ಸೀಲಿಂಗ್. ಕೈಯಲ್ಲಿ ವಿದ್ಯೆ ಇದೆ, ಕಾಗದ ಇಲ್ಲ. ಕಾಗದ ಇಲ್ಲ ಅಂತ ಬ್ಯಾಂಕಿನವರು ಸಾಲ ಕೊಡಲ್ಲ, ಕಂಪನಿಯವರು ಕಂತ್ರಾಟು ಕೊಡಲ್ಲ. ಈಗಾಗಲೇ ಕಲಿತ ವಿದ್ಯೆಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ ಇದೆ. ಹಬ್ಬಕ್ಕೆ, ಜಾತ್ರೆಗೆ ಅವರು ಊರಿಗೆ ಬಂದಾಗ ಹಳ್ಳಿಯಲ್ಲೇ ಶಿಬಿರ ಹಾಕಿ. ಗವಿಮಠದ ಜಾತ್ರೆಗೆ ಇಡೀ ಜಿಲ್ಲೆ ಕೊಪ್ಪಳಕ್ಕೆ ಬರುತ್ತದೆ. ಗುಳೆ ಹೋದವರೂ ಬರುತ್ತಾರೆ. ಅಲ್ಲಿ ಒಂದು ಮಳಿಗೆ ಹಾಕಿ ಹೆಸರು ಬರೆದುಕೊಳ್ಳಿ. ಇವರಿಗೆ ಮೊದಲಿಂದ ಕಲಿಸಬೇಕಾಗಿಲ್ಲ. ಎಸ್ಟಿಮೇಟ್ ಬರೆಯುವುದು, ಬಿಲ್ ಹಾಕುವುದು, ಲೆಕ್ಕ ಇಡುವುದು ಹೇಳಿಕೊಟ್ಟರೆ ಇಲ್ಲೇ ನಾಲ್ಕು ಜನರಿಗೆ ಕೆಲಸ ಕೊಡುವ ಕಂತ್ರಾಟುದಾರರಾಗುತ್ತಾರೆ. ಸಂಸಾರ ಊರಲ್ಲಿ ಉಳಿಯುತ್ತದೆ, ಮಕ್ಕಳ ಶಾಲೆ ತಪ್ಪುವುದಿಲ್ಲ.

ಕಟ್ಟಿಗೆ ಗೊಂಬೆಗೆ ಹೆಸರಾದ ನಮ್ಮ ಕಿನ್ನಾಳದ್ದೂ ಹೀಗೇ. ಅಲ್ಲಿಯ ಚಿತ್ರಗಾರ ಮನೆತನದವರಿಗೆ ಯಾರೂ ಕೌಶಲ ಕಲಿಸಬೇಕಾಗಿಲ್ಲ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಿಂದ ತುಂಡು ಸೇರಿಸಿ, ಮೇಲೆ ಕಿಟ್ಟ ಅನ್ನುವ ಲೇಪ ಹಚ್ಚಿ, ಬಣ್ಣ ತುಂಬುವ ಕೆಲಸ ಅವರ ಮನೆಯಲ್ಲೇ ಇದೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮನೆಯ ಹೊಸ ಹುಡುಗರು ಮಾತ್ರ ಬೇರೆ ಕೆಲಸ ಹುಡುಕಿ ಹೋಗುತ್ತಿದ್ದಾರೆ, ಯಾಕೆಂದರೆ ಆರ್ಡರು ಬಂದರೆ ಉಂಟು ಇಲ್ಲದಿದ್ದರೆ ಇಲ್ಲ. ಅವರಿಗೆ ಬೇಕಾಗಿರುವುದು ವರ್ಷವಿಡೀ ಮರ ಸಿಗುವ ವ್ಯವಸ್ಥೆ, ಒಡೆಯದ ಪ್ಯಾಕಿಂಗ್, ಚೆಂದದ ಫೋಟೊ, ಆನ್‌ಲೈನ್ ಮಾರುವ ಕೈ, ದರ ಕಟ್ಟುವ ಧೈರ್ಯ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳು, ಗೊಂಬೆ ಮಾಡುವವರು ಸೇರಿ 18 ಕಸುಬುಗಳಿವೆ. 15,000 ರೂಪಾಯಿಯ ಸಲಕರಣೆ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಇದನ್ನು ಓದಿ, ಅರ್ಜಿ ಹಾಕಿ, ಬೆನ್ನು ಹತ್ತಿ ಕೊಡಿಸುವ ಒಬ್ಬ ಹುಡುಗನನ್ನು ಸಂಬಳ ಕೊಟ್ಟು ಕಿನ್ನಾಳದಲ್ಲಿ ಕೂರಿಸಿದರೆ ಎಷ್ಟು ಖರ್ಚಾದೀತು? ನಿಮ್ಮ ಒಂದು ಸಮಾರಂಭದ ಖರ್ಚಿನಲ್ಲಿ ಅವನ ಎಷ್ಟೋ ತಿಂಗಳ ಸಂಬಳ ಹೊಂದುತ್ತದೆ. ಭಾನಾಪುರದಲ್ಲಿ ದೊಡ್ಡ ಆಟಿಕೆ ಕ್ಲಸ್ಟರ್ ಎದ್ದಿರುವ ಜಿಲ್ಲೆ ಇದು. ಹೊಸ ಆಟಿಕೆಯವರು ಮತ್ತು ಹಳೆ ಆಟಿಕೆಯವರು ಕೈಕುಲುಕಿದರೆ ಎಷ್ಟು ಚೆಂದ ಅಲ್ವಾ?

ಸಾಲದ ವಿಷಯಕ್ಕೆ ಬರುತ್ತೇನೆ. ತರಬೇತಿ ಮುಗಿಸಿದ ಹುಡುಗ ಬೀಳುವುದು ಹೆಚ್ಚಾಗಿ ಇಲ್ಲೇ. ಹೊಸ ಉದ್ಯಮಕ್ಕೆ ಸಬ್ಸಿಡಿ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆ ಒಳ್ಳೆಯದು. ಹಳ್ಳಿಯಲ್ಲಿ ಉದ್ಯಮ ಹಾಕುವ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ, ಮಹಿಳೆಯರಿಗೆ ಶೇ 35 ಸಬ್ಸಿಡಿ ಇದೆ. ಸ್ವಂತದ್ದು ಶೇ 5 ಹಾಕಿದರೆ ಸಾಕು. ಆದರೆ 10 ಲಕ್ಷದ ಯೂನಿಟ್ಟಿಗೆ ಆ ಶೇ 5 ಅಂದರೆ 50,000 ರೂಪಾಯಿ. ಅದನ್ನು ಹುಡುಗ ಎಲ್ಲಿಂದ ತರಬೇಕು? ಕೈಸಾಲ. ಅದಕ್ಕೆ ನೂರಕ್ಕೆ ತಿಂಗಳಿಗೆ ಮೂರೋ ನಾಲ್ಕೋ ರೂಪಾಯಿ ಬಡ್ಡಿ. ಇನ್ನು ಸಬ್ಸಿಡಿ ಹಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಇದು ತಪ್ಪಲ್ಲ, ದುಡ್ಡು ತಗೊಂಡು ಅಂಗಡಿ ಮುಚ್ಚಬಾರದು ಅಂತ ಇಟ್ಟ ನಿಯಮ. ಆದರೆ ಇದನ್ನೆಲ್ಲ ಮೊದಲೇ ಕೂರಿಸಿ ಹೇಳುವವರು ಬೇಕು. ಕೊಟೇಶನ್, ಪ್ರಾಜೆಕ್ಟ್ ರಿಪೋರ್ಟ್, ಉದ್ಯಮ್ ನೋಂದಣಿ, ಬಾಡಿಗೆ ಕರಾರು, ಒಂದೊಂದಕ್ಕೂ ಏಜೆಂಟರು ದುಡ್ಡು ಕೇಳುತ್ತಾರೆ. ಬ್ಯಾಂಕಿಗೆ ಹೋದರೆ, ನಾಳೆ ಬಾ. ನಮ್ಮ ಕಡೆ ಒಳ್ಳೆಯ ಮ್ಯಾನೇಜರುಗಳೂ ಇದ್ದಾರೆ, ಹುಡುಕಿಕೊಂಡು ಹೋಗಿ ಸಾಲ ಕೊಟ್ಟವರನ್ನು ನಾನು ಬಲ್ಲೆ. ಆದರೆ ಅಪ್ಪ ಕೂಲಿಯವನಾದ ಹುಡುಗನಿಗೆ ಬ್ಯಾಂಕಿನ ಗಾಜಿನ ಬಾಗಿಲು ತಳ್ಳುವುದೇ ದೊಡ್ಡ ಕೆಲಸ. ಅವನ ಜೊತೆ ಒಬ್ಬರು ಹೋಗಿ ಕೂತರೆ ಮಾತೇ ಬೇರೆ. ಆ ಒಬ್ಬರ ಸಂಬಳ ನೀವು ಕೊಡಿ. ತಾಲೂಕಿಗೆ ಒಬ್ಬರು ಸಾಕು.

ಎಲ್ಲರಿಗೂ ಒಂದೊಂದು ಮಷೀನು ಕೊಡುವ ಬದಲು ಹತ್ತು ಜನ ಸೇರಿ ಬಳಸುವ ವರ್ಕ್‌ಶಾಪ್ ಮಾಡಿಕೊಡಬಹುದು. ಸಿಎಸ್‌ಆರ್ ದುಡ್ಡಿನ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ, ಆದರೆ ಸ್ವಸಹಾಯ ಸಂಘ, ಫಲಾನುಭವಿಗಳ ಗುಂಪು, ನೋಂದಾಯಿತ ಟ್ರಸ್ಟ್ ಅಥವಾ ಸರ್ಕಾರಿ ಸಂಸ್ಥೆಯ ಹೆಸರಿನಲ್ಲಿ ಇರಬಹುದು ಅಂತ 2021ರ ತಿದ್ದುಪಡಿ ನಿಯಮ ಹೇಳುತ್ತದೆ. ಕಬ್ಬಿಣದ ಪ್ಲೇಟು ಕತ್ತರಿಸುವ ಪ್ಲಾಸ್ಮಾ ಕಟಿಂಗ್ ಮಷೀನು ನನ್ನಂಥ ಒಬ್ಬನಿಂದ ಆಗುವ ಖರ್ಚಲ್ಲ. ಹತ್ತು ಹುಡುಗರ ಗುಂಪಿಗೆ ಒಂದಿದ್ದರೆ ಎಲ್ಲರೂ ಬದುಕುತ್ತಾರೆ.

ಇನ್ನು ಆರ್ಡರು. ನನ್ನ ಅನುಭವದಲ್ಲಿ ಹೊಸ ಉದ್ಯಮಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ನಿಮ್ಮ ಕಾರ್ಖಾನೆಗೆ ಯೂನಿಫಾರ್ಮ್ ಬೇಕು, ಕೈಗವಸು ಬೇಕು, ಮರದ ಪ್ಯಾಲೆಟ್ ಬೇಕು, ಕ್ಯಾಂಟೀನಿಗೆ ರೊಟ್ಟಿ, ಶೇಂಗಾ ಚಟ್ನಿ ಬೇಕು. ಇದರಲ್ಲಿ ಒಂದು ಪಾಲು, ಮೊದಲ ಎರಡು ವರ್ಷ, ನೀವೇ ತರಬೇತಿ ಕೊಟ್ಟ ಹುಡುಗ ಹುಡುಗಿಯರಿಂದ ತಗೊಳ್ಳಿ. ಇದು ವ್ಯಾಪಾರ, ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಬರದಿದ್ದರೂ ಮಾಡಿ. ಗುಣಮಟ್ಟ ಇಲ್ಲದಿದ್ದರೆ ವಾಪಸ್ ಕಳಿಸಿ, ಏನು ತಪ್ಪಾಗಿದೆ ಅಂತ ತೋರಿಸಿ ಕಳಿಸಿ. ಮತ್ತು ದಯವಿಟ್ಟು ದುಡ್ಡು ಹೊತ್ತಿಗೆ ಸರಿಯಾಗಿ ಕೊಡಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಿಯ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತು ಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಆ ಬಡ್ಡಿ ಕೇಳುವ ಧೈರ್ಯ ಯಾವ ಸಣ್ಣ ಉದ್ಯಮಿಗೆ ಇದೆ? ಕೇಳಿದರೆ ಮುಂದಿನ ಆರ್ಡರು ಹೋಯಿತು. ನನಗೆ ಒಂದು ದೊಡ್ಡ ಕಡೆಯಿಂದ ಬರಬೇಕಾದ ಬಿಲ್ಲು ತಿಂಗಳುಗಟ್ಟಲೆ ನಿಂತಿತ್ತು. ಆ ದೀಪಾವಳಿಗೆ ಹುಡುಗರ ಬಟವಾಡೆ ಮಾಡಲು ಮನೆಯವಳ ಬಳೆ ಒತ್ತೆ ಇಟ್ಟೆ. ನನಗೆ ಹಳೆಯ ಗಿರಾಕಿಗಳಿದ್ದರು, ತಡೆದುಕೊಂಡೆ. ನಿನ್ನೆ ಮೊನ್ನೆ ಶುರು ಮಾಡಿದ ಹುಡುಗನಾಗಿದ್ದರೆ ಶಟರ್ ಎಳೆದು ಬೆಂಗಳೂರು ಬಸ್ಸು ಹತ್ತುತ್ತಿದ್ದ.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು. 2023ರ ಜೂನ್‌ನಿಂದ ಬಸ್ ಉಚಿತ ಆದಮೇಲೆ ಹಳ್ಳಿಯ ಹುಡುಗಿಯರು ಕೊಪ್ಪಳ, ಗಂಗಾವತಿಗೆ ಕಲಿಯಲು ಬರುವುದು ಸುಲಭವಾಗಿದೆ. ಆದರೆ ತರಬೇತಿ ಐದೂವರೆಗೆ ಬಿಟ್ಟು, ಊರಿನ ಬಸ್ಸು ಐದಕ್ಕೇ ಹೋದರೆ ಅವಳ ಕಲಿಕೆ ಮೂರನೇ ದಿನಕ್ಕೆ ನಿಲ್ಲುತ್ತದೆ. ಬಸ್ಸಿನ ವೇಳೆ ನೋಡಿ ತರಬೇತಿಯ ವೇಳೆ ಇಡಿ. ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಇರಲಿ. ಅವಳ ಅವ್ವನನ್ನು ಒಂದು ದಿನ ಕರೆಸಿ ಎಲ್ಲ ತೋರಿಸಿ. ಅವ್ವನಿಗೆ ನಂಬಿಕೆ ಬಂದರೆ ಅಪ್ಪನನ್ನು ಅವಳೇ ಒಪ್ಪಿಸುತ್ತಾಳೆ.

ಜಿಲ್ಲಾಧಿಕಾರಿಗಳಲ್ಲಿ ನನ್ನ ಮನವಿ ಬೇರೆ. ಗಣಿ ಬಾಧಿತ ಊರುಗಳಿಗಾಗಿ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಕೌಶಲ ತರಬೇತಿ ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಅದು ಒಂದು ಕಡೆ, ಸಿಎಸ್‌ಆರ್ ಇನ್ನೊಂದು ಕಡೆ, ಸರ್ಕಾರದ ಯೋಜನೆ ಮತ್ತೊಂದು ಕಡೆ. ಮೂವರೂ ಅದೇ ಊರಿಗೆ ಅದೇ ಟೇಲರಿಂಗ್ ತರುತ್ತಾರೆ. ಪಕ್ಕದ ಊರಿಗೆ ಏನೂ ಇಲ್ಲ. ನೀವು ಮೂವರನ್ನೂ ಒಂದೇ ಮೇಜಿಗೆ ಕರೆಯಬಹುದು. ಆ ಅಧಿಕಾರ ನಿಮಗಿದೆ.

ಲೆಕ್ಕ ತೋರಿಸುವುದು ಕೂಡ ನಮಗೆ ತಿಳಿಯುವ ಹಾಗೆ ಇರಲಿ. ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿಗಳು, 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮ ಏನಾಯಿತು ಅಂತ ಹೊರಗಿನವರಿಂದ ಅಧ್ಯಯನ ಮಾಡಿಸಬೇಕು. ಆ ವರದಿಗಳು ಇಂಗ್ಲಿಷಿನಲ್ಲಿ, ವೆಬ್‌ಸೈಟಿನ ಮೂಲೆಯಲ್ಲಿ ಇರುತ್ತವೆ. ಒಂದು ಪುಟದ ಕನ್ನಡ ಸಾರಾಂಶ ಮಾಡಿ ಗ್ರಾಮ ಪಂಚಾಯಿತಿ ಬೋರ್ಡಿಗೆ ಹಚ್ಚಿ. ನಮ್ಮ ಊರಿನ ಎಷ್ಟು ಮಕ್ಕಳು ಕಲಿತರು, ಎರಡು ವರ್ಷದ ಮೇಲೆ ಎಷ್ಟು ಮಂದಿ ಅದೇ ಕಸುಬಿನಲ್ಲಿದ್ದಾರೆ, ತಿಂಗಳಿಗೆ ಏನು ಗಳಿಸುತ್ತಾರೆ. ಇಷ್ಟು ಬರೆದರೆ ಸಾಕು. ಸಂಖ್ಯೆ ಚಿಕ್ಕದಿದ್ದರೂ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದನ್ನು ಬಿಟ್ಟರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಕೊಪ್ಪಳದ ಸುತ್ತಿನ ಜನ ಕಾರ್ಖಾನೆಯ ಹೊಗೆ, ಧೂಳಿನ ಬಗ್ಗೆ ದೂರುತ್ತಿದ್ದಾರೆ. ಬೆಳೆ ಮೇಲೆ ಕೂರುವ ಕಪ್ಪು ಪುಡಿಯನ್ನು ನಾನೂ ಕಂಡಿದ್ದೇನೆ. ಹೊಗೆಯ ದೂರಿಗೆ ಹೊಲಿಗೆ ಯಂತ್ರ ಉತ್ತರ ಆಗಲಾರದು. ಎರಡೂ ಬೇರೆ ಬೇರೆ ಹೊಣೆ. ನಮ್ಮ ಮಕ್ಕಳಿಗೆ ಕೆಲಸವೂ ಬೇಕು, ಉಸಿರಾಡಲು ಒಳ್ಳೆಯ ಗಾಳಿಯೂ ಬೇಕು.

ಮುಂದಿನ ಏಪ್ರಿಲ್‌ಗೆ ನಿಮ್ಮ ಹೊಸ ವರ್ಷದ ಯೋಜನೆ ಸಿದ್ಧವಾಗುತ್ತದೆ. ಅದಕ್ಕೂ ಮೊದಲು ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಒಂದು ಸಭೆ ಕರೆಯಿರಿ. ಹೋಟೆಲಿನಲ್ಲಿ ಬೇಡ, ಯಾವುದಾದರೂ ಸರ್ಕಾರಿ ಐಟಿಐನ ವರ್ಕ್‌ಶಾಪಿನಲ್ಲಿ ಸಾಕು. ತರಬೇತಿ ಮುಗಿಸಿ ಕೆಲಸ ಸಿಗದ ಹುಡುಗರು ಬರಲಿ, ಸ್ವಂತ ಅಂಗಡಿ ಹಾಕಿ ಗೆದ್ದ ಹುಡುಗಿಯರು ಬರಲಿ. ಜೀನ್ಸ್ ಯೂನಿಟ್ಟಿನವರು, ರೈಸ್ ಮಿಲ್ಲಿನವರು, ಕಿನ್ನಾಳದವರು, ಲೀಡ್ ಬ್ಯಾಂಕಿನವರು, ಆರ್‌ಸೆಟಿಯವರು ಬರಲಿ. ಸಿಎಸ್‌ಆರ್ ಸಮಿತಿಯಲ್ಲಿ ಸಹಿ ಹಾಕುವವರೇ ಬಂದು ಕೂತು ಕೇಳಲಿ, ಪ್ರತಿನಿಧಿ ಕಳಿಸಬೇಡಿ. ಮಾತು ಕನ್ನಡದಲ್ಲಿ ನಡೆಯಲಿ. ಅವತ್ತು ನಾನು ಶೆಡ್ಡಿಗೆ ರಜೆ ಹಾಕಿ, ನನ್ನ ಹುಡುಗರನ್ನೆಲ್ಲ ಕರೆದುಕೊಂಡು ಬರುತ್ತೇನೆ. ದಿನಾಂಕ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕೊಪ್ಪಳ ತಾಲೂಕಿನ ಒಬ್ಬ ವರ್ಕ್‌ಶಾಪ್ ಮಾಲೀಕ